ಇನ್ನೊಂದು ಹತ್ತು ಕುದುರೆ

ಎಪ್ಪತ್ತು ಅಶ್ವಶಕ್ತಿ, ಅದರ ಮೇಲೆ ಎರಡು ಟನ್ನಿಗೂ ಮಿಕ್ಕ ಭಾರ. ನನ್ನ ವ್ಯಾನಿನ ಜಾತಕ ಇಷ್ಟೇ. 1988ರಲ್ಲಿ ಜರ್ಮನಿಯ ಹ್ಯಾನೋವರ್ ಕಾರ್ಖಾನೆಯಿಂದ ಹೊರಬಂದ ಫೋಕ್ಸ್‌ವ್ಯಾಗನ್ ಟಿ3 ಅದು. ಒಳಗೆ ಪುಟ್ಟ ಅಡುಗೆಕಟ್ಟೆ, ಮಡಚಿಡುವ ಹಾಸಿಗೆ, ಮೇಲೆತ್ತಿದರೆ ಡೇರೆಯಾಗುವ ಚಾವಣಿ. ಹಿಂಭಾಗದಲ್ಲಿ, ಹಾಸಿಗೆಯ ಅಡಿಯಲ್ಲಿ, 1588 ಸಿಸಿಯ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್. ಕಂಪನಿ ಇಟ್ಟ ಸಂಕೇತ ಜೆಎಕ್ಸ್. ಇದೇ ವಂಶದ ಎಂಜಿನ್ 1982ರಲ್ಲಿ ಗಾಲ್ಫ್ ಕಾರಿಗೆ ಬಂದಾಗಲೂ ಕೊಡುತ್ತಿದ್ದುದು ಎಪ್ಪತ್ತು ಅಶ್ವಶಕ್ತಿಯನ್ನೇ. ಆದರೆ ಆ ಕಾರಿನ ತೂಕ, ಸಾಮಾನು ತುಂಬಿದ ನನ್ನ ವ್ಯಾನಿನ ಅರ್ಧದಷ್ಟೂ ಇರಲಿಲ್ಲ.

ಹಾಸಿಗೆಯ ಮಟ್ಟ ಏರದಿರಲೆಂದು ಎಂಜಿನ್ನನ್ನು 50 ಡಿಗ್ರಿ ಓರೆಯಾಗಿ ಮಲಗಿಸಿ ಕೂರಿಸಿದ್ದಾರೆ. ಹಾಗಾಗಿ ಯಾವ ರಿಪೇರಿ ಮಾಡಬೇಕಾದರೂ ಮೊದಲು ದಿಂಬು ತೆಗೆಯಬೇಕು, ಹೊದಿಕೆ ಮಡಚಬೇಕು, ಹಾಸಿಗೆ ಸರಿಸಬೇಕು. ಆಮೇಲೆ ಮುಚ್ಚಳ. ಅದನ್ನು ಎತ್ತಿದೊಡನೆ ಬಿಸಿ ಎಣ್ಣೆ, ಡೀಸೆಲ್ಲು, ಹಳೆಯ ರಬ್ಬರು ಮೂರೂ ಬೆರೆತ ಒಂದು ವಾಸನೆ ಮುಖಕ್ಕೆ ತಾಗುತ್ತದೆ. ಭಾನುವಾರದ ಬೆಳಗನ್ನು ಆ ವಾಸನೆಯ ಜೊತೆ ಕಳೆಯುವುದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಹಳೆಯ ಡೀಸೆಲ್ ವ್ಯಾನನ್ನು ಪ್ರೀತಿಸುವವರಿಗೆ ವೇಗದ ಹುಚ್ಚು ಇರುವುದಿಲ್ಲ. ಗಂಟೆಗೆ ತೊಂಬತ್ತು ಕಿಲೋಮೀಟರು ಓಡಿದರೆ ಅವರಿಗೆ ತೃಪ್ತಿ. ಕಷ್ಟ ಇರುವುದು ಏರಿನಲ್ಲಿ. ನಾನಿರುವ ಸ್ಟುಟ್‌ಗಾರ್ಟಿನಿಂದ ಉಲ್ಮ್ ಕಡೆಗೆ ಹೊರಟರೆ ಎ8 ಹೆದ್ದಾರಿ ಶ್ವೇಬಿಷ್ ಆಲ್ಬ್ ಬೆಟ್ಟಸಾಲನ್ನು ಹತ್ತುತ್ತದೆ. ಅಲ್ಲಿ ನಾಲ್ಕನೆಯ ಗೇರು ಸೋತು, ಮೂರನೆಯದೂ ಮುಲುಗತೊಡಗಿ, ಸರಕು ಲಾರಿಗಳ ಸಾಲಿನಲ್ಲಿ ನನ್ನ ವ್ಯಾನೂ ಒಂದಾಗುತ್ತಿತ್ತು. ನಮ್ಮೂರಿನ ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೇಳುವುದಾದರೆ, ಪಿಕಪ್ ಇಲ್ಲ. ಮೂರನೆಯ ಗೇರನ್ನು ಬಿಟ್ಟುಕೊಡದೆ ಆ ಏರನ್ನು ಹತ್ತಿಸುವಷ್ಟು ಕಸುವು ಸಿಕ್ಕರೆ ಸಾಕು ಎನ್ನುವುದೇ ನನ್ನ ಆಸೆಯಾಗಿತ್ತು.

ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಕಂಪನಿಯ ಚರಿತ್ರೆಯಲ್ಲೇ ಇತ್ತು. ಎಂಬತ್ತರ ದಶಕದ ಕೊನೆಗೆ ಫೋಕ್ಸ್‌ವ್ಯಾಗನ್ನಿನವರು ಇದೇ 1.6 ಲೀಟರಿನ ಟರ್ಬೊ ಡೀಸೆಲ್ಲಿಗೆ, ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಜೋಡಿಸಿ ತಮ್ಮ ಕಾರುಗಳಲ್ಲಿ 80 ಅಶ್ವಶಕ್ತಿ ಪಡೆದಿದ್ದರು. ಅದನ್ನು ಮಾಡಿದವರು ಈ ಎಂಜಿನ್ನಿನ ಎಲುಬು ಎಲುಬನ್ನೂ ಬಲ್ಲವರು. ಅವರು ನಿಂತಲ್ಲಿ ನಾನೂ ನಿಲ್ಲುವುದೆಂದು ತೀರ್ಮಾನಿಸಿದೆ. ಜೆಎಕ್ಸ್ ಎಂಜಿನ್ನಿನಿಂದ ನೂರು, ನೂರಹತ್ತು ಹಿಂಡುವವರಿದ್ದಾರೆ. ಇದನ್ನು ಇಳಿಸಿ 1.9 ಲೀಟರಿನದನ್ನು ಕೂರಿಸುವವರಂತೂ ಬಹಳ. ಅವರ ದಾರಿಯಲ್ಲಿ ತಪ್ಪೇನಿಲ್ಲ. ಆದರೆ ಜೊತೆಗೆ ಬಾಳಿದ ಎಂಜಿನ್ನನ್ನು ಹೊರಗೆ ಹಾಕದೆ, ಅದರ ಆಯುಸ್ಸನ್ನು ಕದಿಯದೆ, ಅದರಲ್ಲೇ ಅಡಗಿರುವ ಹತ್ತು ಕುದುರೆಗಳನ್ನು ಕರೆದು ಹೊರಗೆ ತರುವ ಕೆಲಸದ ರುಚಿಯೇ ಬೇರೆ.

ಡೀಸೆಲ್ಲಿನ ಈ ಮೋಹ ನನಗೆ ಅಪ್ಪನಿಂದ ಬಂದದ್ದು. ಅವರು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಫ್ಯೂಯಲ್ ಇಂಜೆಕ್ಷನ್ ಪಂಪುಗಳ ಟೆಸ್ಟ್ ಬೆಂಚಿನ ಮುಂದೆ ನಿಂತು ದುಡಿದವರು. 1951ರಲ್ಲಿ ಹುಟ್ಟಿದ ಮೈಕೋಗೂ ಜರ್ಮನಿಯ ಬಾಷ್ ಕಂಪನಿಗೂ ಇರುವ ನಂಟು ಬೆಂಗಳೂರಿನವರಿಗೆ ಹೇಳಬೇಕಾದದ್ದಲ್ಲ. 2008ರಿಂದ ಅದರ ಹೆಸರೇ ಬಾಷ್. ಅದೇ ಬಾಷ್ ಹೆಸರು ನನ್ನ ವ್ಯಾನಿನ ಪಂಪಿನ ಮೇಲೂ ಇದೆ. ಪಂಪಿನೊಳಗೆ ಡೀಸೆಲ್ಲನ್ನು ಒತ್ತುವ ಪ್ಲಂಜರಿಗೂ ಅದು ಆಡುವ ಬ್ಯಾರಲ್ಲಿಗೂ ನಡುವೆ ಬರೀ ಎರಡು ಮೂರು ಮೈಕ್ರಾನ್ ಸಂದು ಎಂದು ಅಪ್ಪ ಹೇಳುವಾಗ ಅವರ ಹೆಬ್ಬೆರಳು ತೋರುಬೆರಳಿಗೆ ತಾಗಿಯೇಬಿಡುತ್ತಿತ್ತು. ನಮ್ಮ ತಲೆಗೂದಲು ಅದರ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಆ ಸಂದಿಗೆ ಬೇರೆ ಎಣ್ಣೆಯೂ ಇಲ್ಲ. ಡೀಸೆಲ್ಲೇ ಅದನ್ನು ನಯವಾಗಿಡುತ್ತದೆ.

ನನ್ನ ವ್ಯಾನಿನಲ್ಲಿರುವುದು ವಿಇ ಎಂಬ ರೋಟರಿ ಪಂಪು. ಇದರಲ್ಲಿ ಒಂದೇ ಪ್ಲಂಜರು. ಅದು ತಿರುಗುತ್ತಲೇ ಹಿಂದೆ ಮುಂದೆ ಚಲಿಸಿ ನಾಲ್ಕೂ ಸಿಲಿಂಡರಿಗೆ ಸರದಿಯಂತೆ ಡೀಸೆಲ್ ಹಂಚುತ್ತದೆ. ಡೀಸೆಲ್ಲನ್ನು ಸಿಲಿಂಡರಿಗೆ ಚಿಮ್ಮಿಸುವ ನಾಝಲ್ ಬಾಯಿ ತೆರೆಯಲು ಸುಮಾರು 155 ಬಾರ್ ಒತ್ತಡ ಬೇಕು. ಎಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ ಮೂವತ್ತೇಳಕ್ಕೂ ಹೆಚ್ಚು ಸಲ ಡೀಸೆಲ್ ಚಿಮ್ಮಬೇಕು. ಒಂದು ಸಲಕ್ಕೆ ಚಿಮ್ಮುವುದು ಸುಮಾರು ಮೂವತ್ತು ಘನ ಮಿಲಿಮೀಟರು, ಅಂದರೆ ಒಂದು ನೀರಹನಿಗಿಂತ ಕಡಿಮೆ. ಎಪ್ಪತ್ತನ್ನು ಎಂಬತ್ತು ಮಾಡಲು ಬೇಕಾಗುವ ಹೆಚ್ಚುವರಿ ಡೀಸೆಲ್ಲನ್ನು ಲೆಕ್ಕ ಹಾಕಿದಾಗ ನಾನು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕುಳಿತೆ. ಸಲಕ್ಕೆ ಒಂದು ಹನಿಯ ಹತ್ತರಲ್ಲೊಂದು ಪಾಲು! ಆ ಇಷ್ಟೇ ಇಷ್ಟರಲ್ಲಿದೆ ಬೆಟ್ಟ ಹತ್ತುವುದಕ್ಕೂ ಬೆಟ್ಟದಲ್ಲಿ ತೆವಳುವುದಕ್ಕೂ ಇರುವ ವ್ಯತ್ಯಾಸ.

ಆದರೆ ಡೀಸೆಲ್ ಹೆಚ್ಚಿಸುವುದು ಕೊನೆಯ ಕೆಲಸ. ಮೊದಲು ಗಾಳಿ. ಸೌದೆ ಒಲೆಯ ಮುಂದೆ ಕುಳಿತ ಅಜ್ಜಿಗೆ ಇದು ಗೊತ್ತಿತ್ತು: ಸೌದೆ ಎಷ್ಟು ತುರುಕಿದರೂ ಊದುಕೊಳವೆ ಊದದಿದ್ದರೆ ಮನೆ ತುಂಬ ಹೊಗೆಯೇ. ಪೆಟ್ರೋಲ್ ಎಂಜಿನ್ನಿನ ಹಾಗೆ ಡೀಸೆಲ್ಲಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲ. ಸಿಗುವಷ್ಟೂ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ. ಶಕ್ತಿಯನ್ನು ನಿರ್ಧರಿಸುವುದು ಡೀಸೆಲ್ಲಿನ ಅಳತೆ. ಒಂದು ಪಾಲು ಡೀಸೆಲ್ ಪೂರ್ತಿ ಉರಿಯಲು ಲೆಕ್ಕಕ್ಕೆ ಹದಿನಾಲ್ಕೂವರೆ ಪಾಲು ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಎರಡೂ ಚೆನ್ನಾಗಿ ಬೆರೆಯಲು ಸಿಗುವ ಸಮಯ ಕ್ಷಣಕ್ಕಿಂತ ಕಡಿಮೆ. ಹಾಗಾಗಿ ಹದಿನೆಂಟು ಇಪ್ಪತ್ತು ಪಾಲಿಗಿಂತ ಗಾಳಿ ಕಡಿಮೆಯಾದರೆ ಕಪ್ಪು ಹೊಗೆ ಶುರು. ಹೊಗೆ ಎಂದರೆ ದುಡ್ಡು ಕೊಟ್ಟು ಕೊಂಡ ಡೀಸೆಲ್ಲು ಕೆಲಸ ಮಾಡದೆ ಹೊರಗೆ ಹೋಗಿ ಹಿಂದೆ ಬರುವವರ ಎದೆಗೆ ಇಳಿಯುವುದು. ಹೊಗೆಯುಗುಳುವ ಶಕ್ತಿಯನ್ನು ನಾನು ಶಕ್ತಿ ಎಂದು ಒಪ್ಪುವುದಿಲ್ಲ.

ಗಾಳಿಗೂ ಮೊದಲು ಆರೋಗ್ಯ. ಹಳೆಯ ಎಂಜಿನ್ನು ಹುಟ್ಟುವಾಗ ಪಡೆದ ಎಪ್ಪತ್ತರಲ್ಲಿ ಎಷ್ಟನ್ನು ಉಳಿಸಿಕೊಂಡಿದೆ ಎಂದು ನೋಡದೆ ಎಂಬತ್ತನ್ನು ಕೇಳುವುದು ಅನ್ಯಾಯ. ಕಂಪ್ರೆಶನ್ ಅಳೆದೆ, ನಾಲ್ಕೂ ಸಿಲಿಂಡರುಗಳು ಕನಿಷ್ಠ ಮಿತಿಯಾದ 26 ಬಾರ್‌ಗಿಂತ ಸಾಕಷ್ಟು ಮೇಲಿದ್ದವು. ನಾಝಲ್ಲುಗಳನ್ನು ಬಿಚ್ಚಿ ಚೆಕ್ ಮಾಡಿಸಿದೆ. ಪಂಪಿನ ಹಿಂಬದಿಯ ಬೋಲ್ಟ್ ತೆಗೆದು ಡಯಲ್ ಗೇಜ್ ಕೂರಿಸಿ ಟೈಮಿಂಗ್ ನೋಡುವ ಗಳಿಗೆ ನನಗೆ ಅತ್ಯಂತ ಪ್ರಿಯವಾದದ್ದು. ಉಸಿರು ಬಿಗಿಹಿಡಿದು ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಹೋದರೆ ಮುಳ್ಳು ಮಿಲಿಮೀಟರಿನ ನೂರನೇ ಒಂದು ಭಾಗಗಳನ್ನು ಒಂದೊಂದಾಗಿ ಎಣಿಸುತ್ತದೆ. ಟರ್ಬೊದಿಂದ ಹೊರಡುವ ಹೋಸುಗಳಿಗೆ ಒತ್ತಡ ಕೊಟ್ಟು ಸೋಪಿನ ನೀರು ಬಳಿದಾಗ ಒಂದು ಕ್ಲಿಪ್ಪಿನ ಬಳಿ ಗುಳ್ಳೆಗಳೆದ್ದವು. ಅದನ್ನು ಬಿಗಿದು ಹೊಸ ಏರ್ ಫಿಲ್ಟರ್ ಹಾಕಿದ ದಿನವೇ ವ್ಯಾನು ಬೇರೆಯಾಗಿತ್ತು. ಬಿಡಿಭಾಗದ ಅಂಗಡಿಗೆ ಓಡುವ ಮೊದಲು ಇಷ್ಟನ್ನು ಮಾಡಿ ನಿಲ್ಲಿಸಿದರೂ ಅನೇಕರಿಗೆ ತೃಪ್ತಿಯಾದೀತು.

ಟರ್ಬೊ ಎಂಬುದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಜಾಣ್ಮೆ. ಹೊರಗೆ ಹೋಗುವ ಹೊಗೆಯ ಬಿಸುಪಿನಿಂದಲೇ ಚಕ್ರ ತಿರುಗಿಸಿ, ಆ ಚಕ್ರದಿಂದ ಒಳಗೆ ಗಾಳಿ ಒತ್ತುವುದು. ಒತ್ತಿದ ಗಾಳಿ ಬಿಸಿಯಾಗುತ್ತದೆ, ತೊಡಕಿರುವುದು ಅಲ್ಲೇ. ಹೊರಗಿನ ಗಾಳಿ 20 ಡಿಗ್ರಿ ಇದ್ದರೆ 0.7 ಬಾರ್ ಒತ್ತಿ ಕಳಿಸಿದಾಗ ತೊಂಬತ್ತರ ಆಸುಪಾಸಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗಿದ ಗಾಳಿ. ಜಾಗ ತುಂಬುತ್ತದೆ, ಆಮ್ಲಜನಕ ಕಡಿಮೆ. ಅದನ್ನು ಐವತ್ತು ಡಿಗ್ರಿಗೆ ಇಳಿಸಿದರೆ ಅದೇ ಜಾಗದಲ್ಲಿ ಹತ್ತು ಶೇಕಡದಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಒಂದು ಹನಿ ಡೀಸೆಲ್ ಹೆಚ್ಚಿಸದೆಯೇ ಎಂಜಿನ್ನು ತಣ್ಣಗೆ, ಶುಚಿಯಾಗಿ ಉರಿಯುತ್ತದೆ. ಇಂಟರ್‌ಕೂಲರ್ ಮಾಡುವುದು ಇಷ್ಟೇ, ಆದರೆ ಇದಕ್ಕಿಂತ ಪ್ರಾಮಾಣಿಕವಾದ ಶಕ್ತಿ ಬೇರೊಂದಿಲ್ಲ.

ಹಿಂಬದಿಯ ಎಂಜಿನ್ನಿಗೆ ಎದುರುಗಾಳಿ ಸಿಗದು. ಗುಜರಿಯಲ್ಲಿ ಸಿಕ್ಕ ಒಂದು ಹಳೆಯ ಪಸಾಟ್ ಕಾರಿನ ಇಂಟರ್‌ಕೂಲರನ್ನು ಎಡ ಹಿಂಚಕ್ರದ ಹಿಂದೆ ಕೂರಿಸಿ, ಅದಕ್ಕೊಂದು ವಿದ್ಯುತ್ ಫ್ಯಾನ್ ಕಟ್ಟಿದೆ. ಮೊದಲು ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿ, ವ್ಯಾನಿನ ಕೆಳಗೆ ಮಲಗಿ, ಹಿಡಿದು, ತೆಗೆದು, ಮತ್ತೆ ಕತ್ತರಿಸಿ ನೋಡಿದ ಸಂಜೆಗಳು ಅವು. ಪೈಪಿನ ಒಂದೊಂದು ತಿರುವೂ ಗಾಳಿಗೆ ಒಂದೊಂದು ಅಡ್ಡಿ, ಆದ್ದರಿಂದ ತಿರುವುಗಳನ್ನು ಕಡಿಮೆ ಮಾಡುವುದೇ ಒಂದು ಧ್ಯಾನ. ಇದಕ್ಕೂ ಮುಂಚೆ ಮಾಡಿದ ಕೆಲಸವೆಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೊಗೆ ಮೊದಲೇ, ಉಷ್ಣತೆ ಅಳೆಯುವ ಥರ್ಮೋಕಪಲ್ ಹಾಕಿ ಅದರ ಗೇಜನ್ನು ಸ್ಟೇರಿಂಗ್ ಪಕ್ಕ ಕೂರಿಸಿದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ ಅದಕ್ಕೂ ಮೊದಲೇ. ಹೊಗೆಯ ಬಿಸಿ 700 ದಾಟಿದರೂ ಪಿಸ್ಟನ್ ಬದುಕುವುದು, ಅಡಿಯಿಂದ ಚಿಮ್ಮುವ ಎಣ್ಣೆಯೂ ರಿಂಗುಗಳೂ ಶಾಖವನ್ನು ಎಳೆದುಕೊಳ್ಳುವುದರಿಂದ. ದೀರ್ಘ ಏರಿನಲ್ಲಿ 700ನ್ನು ಲಕ್ಷ್ಮಣರೇಖೆ ಎಂದೇ ಇಟ್ಟುಕೊಂಡಿದ್ದೇನೆ. ಜೆಎಕ್ಸ್‌ಗಳ ಸಿಲಿಂಡರ್ ಹೆಡ್ಡಿನಲ್ಲಿ ವಾಲ್ವುಗಳ ನಡುವೆ ಬಿರುಕು ಬಿಡುವುದು ಅದನ್ನು ಬಲ್ಲವರಿಗೆಲ್ಲ ಗೊತ್ತು. ಅದಕ್ಕೆ ಕಾರಣ ಈ ಶಾಖವೇ. ಇಂಟರ್‌ಕೂಲರ್ ಬಂದ ಮೇಲೆ ಅದೇ ಏರಿನಲ್ಲಿ, ಅದೇ ಭಾರದಲ್ಲಿ, ಮುಳ್ಳು ಮೊದಲಿಗಿಂತ ಸುಮಾರು ಐವತ್ತು ಡಿಗ್ರಿ ಕೆಳಗೆ ನಿಂತಿತು. ನಾನು ಖರ್ಚು ಮಾಡಬಹುದಾದ ಆಸ್ತಿ ಆ ಐವತ್ತು ಡಿಗ್ರಿ.

ಅಲ್ಲಿಂದ ಮುಂದೆ ಡೀಸೆಲ್ಲು. ವಿಇ ಪಂಪಿನ ನೆತ್ತಿಯ ಮೇಲೆ ಒಂದು ರಬ್ಬರ್ ಡಯಾಫ್ರಮ್ ಇದೆ. ಟರ್ಬೊ ಒತ್ತಡ ಏರಿದಂತೆ ಅದು ಕೆಳಗೆ ಬಾಗಿ, ಓರೆಯಾಗಿ ಕಡೆದ ಒಂದು ಶಂಕುವಿನಾಕಾರದ ಪಿನ್ನನ್ನು ತಳ್ಳಿ, ಗಾಳಿ ಬಂದಷ್ಟಕ್ಕೆ ತಕ್ಕ ಡೀಸೆಲ್ ಬಿಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ರಬ್ಬರು, ಸ್ಪ್ರಿಂಗು, ಉಕ್ಕಿನ ಒಂದು ಓರೆ ಮೂರೇ ಸೇರಿ ಇಷ್ಟು ವಿವೇಕದಿಂದ ನಡೆದುಕೊಳ್ಳುವುದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದಾಗ, ಅದನ್ನು ರೂಪಿಸಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆ ಪಿನ್ನನ್ನು ಸ್ವಲ್ಪ ತಿರುಗಿಸಿದರೆ ಒತ್ತಡದ ಜೊತೆ ಸೇರುವ ಡೀಸೆಲ್ ಹೆಚ್ಚುತ್ತದೆ. ಪಂಪಿನ ಹಿಂಬದಿಯಲ್ಲಿರುವ ಫುಲ್‌ಲೋಡ್ ಸ್ಕ್ರೂ ಒಳಗೆ ಹೋದರೆ ಎಲ್ಲ ಹಂತದಲ್ಲೂ ಹೆಚ್ಚುತ್ತದೆ. ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ತಿರುಗಿಸಿದೆ. ಐಡ್ಲಿಂಗ್ ಏರಿತು, ಅದನ್ನು ಇಳಿಸಿ ಸರಿಮಾಡಿದೆ. ಆ ಸಂಜೆ ಅಪ್ಪ ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ.

"ಎಷ್ಟು ತಿರುಗಿಸಿದೆ?"

"ಎಂಟನೇ ಒಂದು ಸುತ್ತು ಅಪ್ಪ."

"ಹೊಗೆ ಬಂತಾ?"

"ಇಲ್ಲ. ಗೇರ್ ಹಾಕಿ ಪೂರ್ತಿ ತುಳಿದಾಗ ಸ್ವಲ್ಪ ಬೂದಿ ಬಣ್ಣ, ಆಮೇಲೆ ಏನೂ ಇಲ್ಲ."

"ಹಾಗಾದ್ರೆ ಇನ್ನು ಅದನ್ನ ಮುಟ್ಟಬೇಡ."

ಮುಟ್ಟಲಿಲ್ಲ. ವ್ಯಾನನ್ನು ರೋಲರ್ ಮೇಲೆ ನಿಲ್ಲಿಸಿ ಶಕ್ತಿ ಅಳೆಸಿದಾಗ ಎಂಬತ್ತರ ಆಸುಪಾಸು ಬಂತು. ಜರ್ಮನಿಯಲ್ಲಿ ಎಂಜಿನ್ನಿನ ಶಕ್ತಿ ಬದಲಾಯಿಸಿದರೆ ತಪಾಸಣೆ ಮಾಡಿಸಿ ವಾಹನದ ಕಾಗದದಲ್ಲಿ ಬರೆಸಲೇಬೇಕು. ಇಲ್ಲದಿದ್ದರೆ ರಸ್ತೆಗಿಳಿಸುವ ಪರವಾನಗಿಯೇ ಬಿದ್ದುಹೋಗುತ್ತದೆ. ಮೂವತ್ತು ವರ್ಷ ದಾಟಿದ ವಾಹನಗಳಿಗೆ ಸಿಗುವ ಪಾರಂಪರಿಕ ನಂಬರ್ ಪ್ಲೇಟ್ ನನ್ನ ವ್ಯಾನಿಗಿದೆ. ಹಾಕಿದ ಭಾಗಗಳೆಲ್ಲ ಅದೇ ಕಾಲದವು, ಅದೇ ಕಂಪನಿಯವು ಎಂದು ತೋರಿಸಿದ ಮೇಲೆ ತಪಾಸಕರು ಹೊಗೆ ಅಳೆದು ಒಪ್ಪಿಗೆ ಬರೆದುಕೊಟ್ಟರು. ವಿಮೆಯವರಿಗೂ ತಿಳಿಸಿದೆ. ಇದು ಬೇಸರದ ಕೆಲಸವೆಂದು ನನಗೆಂದೂ ಅನ್ನಿಸಿಲ್ಲ. ಕಾಗದದಲ್ಲಿ ಆ ಹೊಸ ಅಂಕಿಯನ್ನು ನೋಡುವುದೂ ಒಂದು ಖುಷಿ.

ಆ ಬೇಸಗೆಯಲ್ಲಿ ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಬೆಟ್ಟದ ರಸ್ತೆಗೆ ಹೋದೆವು. 1935ರಲ್ಲಿ ತೆರೆದ, 48 ಕಿಲೋಮೀಟರು ಉದ್ದದ, 36 ಹಿಮ್ಮುರಿ ತಿರುವುಗಳ ದಾರಿ ಅದು. ಕೆಲವೆಡೆ ನೂರಕ್ಕೆ ಹನ್ನೆರಡರ ಏರು. ಹೋಖ್‌ಟೋರ್ ಕಣಿವೆಬಾಗಿಲು 2504 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯೇ ಐದನೇ ಒಂದು ಪಾಲಿನಷ್ಟು ತೆಳು. ಡೀಸೆಲ್ ಹೆಚ್ಚು ತಿರುಗಿಸಿಟ್ಟ ಪಂಪುಗಳು ಕಪ್ಪಗೆ ಉಗುಳುವುದು ಇಂಥಲ್ಲೇ. ತಿರುವುಗಳಲ್ಲಿ ಎರಡನೆಯ ಗೇರು ಬೇಕೇಬೇಕಾಯಿತು. ತಿರುವು ಕಳೆದು ರಸ್ತೆ ನೆಟ್ಟಗಾದ ಕಡೆ ಮೂರಕ್ಕೆ ಹಾಕಿದೆ. ವ್ಯಾನು ಒಂದು ಗಳಿಗೆ ಯೋಚಿಸಿದಂತೆ ಕಂಡು, ಟರ್ಬೊದ ಸಣ್ಣ ಸಿಳ್ಳು ಎದ್ದು, ಎಳೆಯತೊಡಗಿತು. ಕನ್ನಡಿಯಲ್ಲಿ ನೋಡಿದೆ: ಹಿಂದೆ ಹೊಗೆಯಿಲ್ಲ. ಗೇಜಿನ ಮುಳ್ಳು 680ರ ಹತ್ತಿರ ನಿಂತು ಅಲ್ಲೇ ಇತ್ತು. ಪಕ್ಕದಲ್ಲಿದ್ದ ಹೆಂಡತಿ, "ಈ ಸಲ ಲಾರಿ ಹಿಂದೆ ಹೋಗ್ಬೇಕಿಲ್ಲ ಅಲ್ವಾ" ಎಂದಳು. ಹೆಚ್ಚಿದ್ದು ಗಂಟೆಗೆ ಏಳೆಂಟು ಕಿಲೋಮೀಟರು ಇರಬಹುದು. ಬೆಟ್ಟದಲ್ಲಿ ಅದು ಬಹಳ.

ಊರಿನಲ್ಲಿ ಹಳೆಯ ಟರ್ಬೊ ಡೀಸೆಲ್ ವ್ಯಾನ್ ಇಟ್ಟುಕೊಂಡಿರುವ ಗೆಳೆಯರು, ನಮ್ಮ ಗಾಡಿಗೂ ಹೀಗೆ ಮಾಡಬಹುದಾ ಎಂದು ಕೇಳುತ್ತಾರೆ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಾಯಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಆದರೆ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯಲು ಯಾವ ಕಾನೂನಿನ ಅಡ್ಡಿಯೂ ಇಲ್ಲ, ಹೆಚ್ಚಿನವರಿಗೆ ಬೇಕಾದದ್ದೂ ಅಷ್ಟೇ. ನಾಝಲ್ ಚೆಕ್ ಮಾಡಿಸಿ, ಪಂಪನ್ನು ಬಲ್ಲವರ ಬೆಂಚಿನ ಮೇಲೆ ಕ್ಯಾಲಿಬ್ರೇಶನ್‌ಗೆ ಕೊಡಿ, ಹೋಸುಗಳಿಗೆ ಸೋಪಿನ ನೀರು ಬಳಿದು ನೋಡಿ, ಫಿಲ್ಟರ್ ಬದಲಿಸಿ, ಟೈಮಿಂಗ್ ಸರಿಮಾಡಿಸಿ. ರಸ್ತೆಬದಿಯಲ್ಲಿ ಯಾರಾದರೂ ಸ್ಪ್ಯಾನರ್ ಹಿಡಿದು ಬಂದು, ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಗಾಡಿ ಹಾರುತ್ತದೆ ಎಂದರೆ, ದಯವಿಟ್ಟು ಬಾನೆಟ್ ಮುಚ್ಚಿಬಿಡಿ.