ಹೋಗಿಬರುವ ಊರು, ಇರುವ ಊರು

ಗಡಿನಾಡಿನ ಕನ್ನಡವನ್ನು ಕುರಿತು ಸ್ಮರಣ ಸಂಚಿಕೆಗಳಲ್ಲಿ ಬರೆಯುವವರು ಸಾಮಾನ್ಯವಾಗಿ ನಕ್ಷೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಾರೆ. ನಾನು ಮನೆಯ ಬಾಡಿಗೆಯನ್ನೂ ಬಸ್ಸಿನ ವೇಳೆಯನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಬಳ್ಳಾರಿಯಲ್ಲಿ ದುಡಿದು ಆದೋನಿಯಲ್ಲಿ ಮಲಗುವ ಜನ ನಮ್ಮಲ್ಲಿದ್ದಾರೆ. ಬೆಳಗಿನ ರೈಲು ಹಿಡಿದು ರಾಯಚೂರಿಗೋ ಗುಂತಕಲ್ಲಿಗೋ ಹೋಗಿಬರುವವರು ಬೇರೆ. ಇದು ಯಾವ ಚಳವಳಿಯೂ ಅಲ್ಲ. ಕೈಗೆಟಕುವ ಮನೆ, ಪರಿಚಯದ ಓಣಿ, ಸಂಬಳ ಕೊಡುವ ದೊಡ್ಡ ಊರು, ಇವುಗಳನ್ನು ಒಂದೇ ದಿನದೊಳಗೆ ಹೊಂದಿಸುವ ಲೆಕ್ಕಾಚಾರ ಮಾತ್ರ. ನಾನೂ ಇಪ್ಪತ್ತೆರಡು ವರ್ಷ ಈ ಲೆಕ್ಕ ಮಾಡಿದವನು.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗನಿಗೆ ಬಳ್ಳಾರಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಹೆಂಡತಿ, ಐದು ವರ್ಷದ ಮಗಳು. "ಮಾವ, ಬಳ್ಳಾರ್ಯಾಗ ಮನಿ ಬಾಡಿಗಿ ಕೇಳಿದ್ರ ಎದಿ ಒಡೀತೈತಿ. ಸುತ್ತಮುತ್ತ ಯಾವೂರಾಗ ಮನಿ ಮಾಡ್ಲಿ?" ಎಂದು ಫೋನು ಮಾಡಿದ. ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಗಣಿಯ ಸುಗ್ಗಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎಲ್ಲ ಸೇರಿ ಬಳ್ಳಾರಿಯ ಬಾಡಿಗೆಯನ್ನು ಗುಮಾಸ್ತನ ಕೈಗೆ ಸಿಗದ ಎತ್ತರಕ್ಕೆ ಏರಿಸಿಬಿಟ್ಟಿವೆ. ನಿವೃತ್ತನಾದವನಿಗೆ ಯಾರಾದರೂ ಸಲಹೆ ಕೇಳಿದರೆ ಆಗುವ ಸಂತೋಷ ಎಲ್ಲರಿಗೂ ಗೊತ್ತಿರುವುದೇ. ನಾನು ಕಾಗದ ಲೇಖನಿ ಹಿಡಿದು ಕುಳಿತೆ.

ಮೊದಲು ಸಿರುಗುಪ್ಪ. ತುಂಗಭದ್ರೆಯ ದಡದ ಭತ್ತದ ಊರು, ಕರ್ನಾಟಕದೊಳಗೇ ಇದೆ, ಕನ್ನಡ ಶಾಲೆಗೆ ಹುಡುಕಾಟ ಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವೂ ಹೌದು. ಎರಡನೆಯದು ಗುಂತಕಲ್ಲು. ಅನಂತಪುರ ಜಿಲ್ಲೆಯ ಆ ಜಂಕ್ಷನ್ನಿನಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರು, ರೈಲಿನ ಮಾಸಿಕ ಪಾಸು ಬಸ್ಸಿಗಿಂತ ಬಹಳ ಅಗ್ಗ. ಅದರ ಹತ್ತಿರವೇ ಚಿಪ್ಪಗಿರಿ ಇದೆ, ವಿಜಯದಾಸರು 1755ರಲ್ಲಿ ದೇಹವಿಟ್ಟ ಊರು. ದಾಸರಿಗೆ ಬಾಡಿಗೆಯ ಚಿಂತೆಯೂ ಪಾಸಿನ ಚಿಂತೆಯೂ ಇರಲಿಲ್ಲ, ಆ ಮಾತು ಬೇರೆ. ಮೂರನೆಯದು ಆಲೂರು: ಬಳ್ಳಾರಿಗೂ ಆದೋನಿಗೂ ನಡುವೆ, ಸಣ್ಣದು, ಸದ್ದಿಲ್ಲದ್ದು. ಕೊನೆಗೆ ನಮ್ಮ ಆದೋನಿ.

ಬಳ್ಳಾರಿಗೂ ಆದೋನಿಗೂ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರು. ನೇರ ರೈಲು ಮಾರ್ಗವಿಲ್ಲ, ಗುಂತಕಲ್ಲನ್ನು ಬಳಸಿ ಹೋಗಬೇಕು. ಬಸ್ಸಿನಲ್ಲಿ ಒಂದು ಕಡೆಗೆ ಎರಡು ಗಂಟೆ ಹಿಡಿಯಿರಿ. ದಿನಕ್ಕೆ ನಾಲ್ಕು, ತಿಂಗಳಲ್ಲಿ 25 ದಿನವೆಂದರೆ ನೂರು ಗಂಟೆ. ಅಂದರೆ ಪ್ರತಿ ತಿಂಗಳೂ ನಾಲ್ಕು ಹಗಲು ನಾಲ್ಕು ರಾತ್ರಿಗಿಂತ ಹೆಚ್ಚು ಕಾಲವನ್ನು ಬಸ್ಸಿನ ಸೀಟಿಗೆ ಕೊಟ್ಟಂತಾಯಿತು. ಬಾಡಿಗೆಯಲ್ಲಿ ಉಳಿದ ಹಣದೊಡನೆ ಇದನ್ನೂ ಬರೆದುಕೊಳ್ಳಬೇಕು. ಅಗ್ಗದ ಊರು ಹುಡುಕುವವರು ಬರೆದುಕೊಳ್ಳುವುದಿಲ್ಲ. ಆದ್ದರಿಂದ ಅವರು ನಮ್ಮ ಹತ್ತಿರ ಇರಲಿ ಎಂಬ ಆಸೆ ಎಷ್ಟಿದ್ದರೂ ನಾನು ಆಲೂರನ್ನೇ ಸೂಚಿಸಿದೆ.

ಇಲ್ಲಿ ಸ್ವಲ್ಪ ಹಳೆಯ ಮಾತು ಹೇಳಬೇಕು. ನನ್ನ ತಂದೆಯ ಕಾಲದಲ್ಲಿ ಆದೋನಿಯಿಂದ ಬಳ್ಳಾರಿಗೆ ಹೋಗುವುದೆಂದರೆ ಸ್ವಂತ ಜಿಲ್ಲಾ ಕೇಂದ್ರಕ್ಕೆ ಹೋಗುವುದು. ಕೋರ್ಟು, ಕಚೇರಿ, ದೊಡ್ಡ ಆಸ್ಪತ್ರೆ ಎಲ್ಲವೂ ಅಲ್ಲಿ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ನಾವು ಮದ್ರಾಸು ಆಡಳಿತದ ಬಳ್ಳಾರಿ ಜಿಲ್ಲೆಯವರಾಗಿದ್ದೆವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ. ರಾಯದುರ್ಗವನ್ನು ಅನಂತಪುರಕ್ಕೂ ನಮ್ಮನ್ನು ಕರ್ನೂಲಿಗೂ ಜೋಡಿಸಿದರು. ಜಿಲ್ಲಾ ಕೇಂದ್ರ ನೂರು ಕಿಲೋಮೀಟರು ದೂರವಾಯಿತು, ಎಪ್ಪತ್ತು ಕಿಲೋಮೀಟರಿನ ಬಳ್ಳಾರಿ ಪರರಾಜ್ಯವಾಯಿತು. ಕಾಗದ ಬದಲಾದಷ್ಟು ಬೇಗ ಕಾಲುಗಳು ಬದಲಾಗಲಿಲ್ಲ. ಇಂದು ರಾಷ್ಟ್ರೀಯ ಹೆದ್ದಾರಿ 167 ಹಗರಿಯಲ್ಲಿ ಮೊದಲಾಗಿ ಆಲೂರು, ಆದೋನಿ, ಎಮ್ಮಿಗನೂರುಗಳನ್ನು ಹಾದು ರಾಯಚೂರಿನ ಕಡೆಗೆ ಹೋಗುತ್ತದೆ. ಬಳ್ಳಾರಿ ಬಿಟ್ಟು ಸ್ವಲ್ಪ ಹೊತ್ತಿಗೆ ಬಸ್ಸು ರಾಜ್ಯ ದಾಟಿದ್ದು ನಿದ್ದೆಯಲ್ಲಿರುವ ಪ್ರಯಾಣಿಕನಿಗೆ ತಿಳಿಯುವುದೂ ಇಲ್ಲ.

ನನ್ನ ಬಸ್ಸಿನ ದಿನಗಳಲ್ಲಿ ಮುಂದಿನ ಸೀಟುಗಳಲ್ಲಿ ಹತ್ತಿ ವ್ಯಾಪಾರದವರು ಕೂರುತ್ತಿದ್ದರು. ಆದೋನಿ ಹತ್ತಿಯ ಊರು. ಜಿನ್ನಿಂಗ್ ಗಿರಣಿಗಳ ಸದ್ದಿನಲ್ಲಿ ಬೆಳೆದವರಿಗೆ ಸುಗ್ಗಿಯಲ್ಲಿ ಗಾಳಿಯಲ್ಲಿ ತೇಲುವ ನಾರು ಕಂಡರೆ ಇಂದಿಗೂ ಹಬ್ಬ ಬಂದಂತಾಗುತ್ತದೆ. 1871ರಲ್ಲಿ ಮದ್ರಾಸಿನ ಹಳಿಯೂ ಮುಂಬಯಿಯ ಹಳಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ನಮ್ಮ ಊರು ಆ ದೊಡ್ಡ ಮಾರ್ಗದ ಮೇಲೆ ಬಿತ್ತು. ಎರಡನೆಯ ಮುಂಬಯಿ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಹಿಂದಿನ ಸೀಟುಗಳಲ್ಲಿ ಕಾಲೇಜಿನ ಹುಡುಗರು, ರಾತ್ರಿ ಪಾಳಿ ಮುಗಿಸಿ ಮರಳುವ ನರ್ಸುಗಳು, ಇನ್ನೂ ಬಳ್ಳಾರಿಯ ವಕೀಲರನ್ನೇ ನಂಬಿದ್ದ ಕೆಲವು ಮುದುಕರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದೊಳಗೆ ಬರುತ್ತಿದ್ದವು. ಆದೋನಿಯಲ್ಲಿ ಉಗ್ಗಾಣಿ ಬಜ್ಜಿ ತಿಂದು ಹತ್ತಿದವನು ಬಳ್ಳಾರಿಯಲ್ಲಿ ಇಳಿದು ಒಗ್ಗರಣೆ ಮಿರ್ಚಿ ಕೇಳಿದರೆ ಎಲೆಗೆ ಬೀಳುವುದು ಅದೇ ಮಂಡಕ್ಕಿ, ಅದೇ ಮೆಣಸಿನಕಾಯಿ. ಇಷ್ಟು ಸುಖವಾಗಿ ಗಡಿ ದಾಟಿದವನಿಗೆ ಗಡಿ ಎಲ್ಲಿ ಕಾಣಬೇಕು?

ಕಂಡದ್ದು ನನ್ನ ಹೆಂಡತಿಗೆ. ನಾನು ಬೆಳಕು ಹರಿಯುವ ಮುನ್ನ ಹೊರಟು, ಹಗಲೆಲ್ಲ ಬಳ್ಳಾರಿಯ ಕನ್ನಡದಲ್ಲಿ ವ್ಯವಹರಿಸಿ, ದೀಪ ಹತ್ತಿದ ಮೇಲೆ ಮನೆ ಸೇರುತ್ತಿದ್ದೆ. ಆದೋನಿಯ ಹಗಲು ನನಗೆ ಭಾನುವಾರ ಮಾತ್ರ ಸಿಗುತ್ತಿತ್ತು. ಅವಳು ಸಿಂಧನೂರಿನ ಕಡೆಯವಳು, ಮದುವೆಯಾಗಿ ಬಂದಾಗ ತೆಲುಗಿನ ಒಂದು ಅಕ್ಷರವೂ ಬಾರದು. ರೇಷನ್ ಚೀಟಿ, ಆಸ್ಪತ್ರೆಯ ಸಾಲು, ಶಾಲೆಯಲ್ಲಿ ಪೋಷಕರ ಸಭೆ, ಎಲ್ಲವನ್ನೂ ಅವಳೇ ನಿಭಾಯಿಸಿದಳು. ನಾಲ್ಕು ವರ್ಷದಲ್ಲಿ ತೆಲುಗು ಪತ್ರಿಕೆ ಓದತೊಡಗಿದಳು. ನನಗೆ ಈಗಲೂ ಅರ್ಜಿ ಓದುವಷ್ಟು ತೆಲುಗು ಮಾತ್ರ ಬರುತ್ತದೆ. ನಮ್ಮ ಮಗ ತೆಲುಗು ಮಾಧ್ಯಮದಲ್ಲಿ ಓದಿದ. ಮನೆಯಲ್ಲಿ ಅಚ್ಚ ಕನ್ನಡ ಆಡುತ್ತಾನೆ. ಈ ಲೇಖನವನ್ನು ಮಾತ್ರ ಅವನಿಗೆ ಯಾರಾದರೂ ಓದಿ ಹೇಳಬೇಕು.

ಹಾಗಾಗಿ ಅಳಿಯ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದಾಗ ನಡೆದ ಮಾತುಕತೆ ನನ್ನ ಕಾಗದದ ಲೆಕ್ಕವನ್ನು ಬದಿಗೆ ಸರಿಸಿತು. ಆ ಹುಡುಗಿ ಎಮ್ಮಿಗನೂರಿನವಳು. ದೂರ, ಬಾಡಿಗೆ, ಬಸ್ಸಿನ ದರ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದಳು. ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಎಲ್ಲಿಗೆ ಓಡಬೇಕು? ಶಾಲೆ ಬಿಟ್ಟು ಬಂದ ಮಗುವಿಗೆ, ತಾನು ಕೆಲಸಕ್ಕೆ ಸೇರಿದರೆ, ಬಾಗಿಲು ತೆಗೆಯುವವರು ಯಾರು? ಇಪ್ಪತ್ತೆರಡು ವರ್ಷದಲ್ಲಿ ಈ ಮೂರರಲ್ಲಿ ಒಂದಾದರೂ ನನಗೆ ಹೊಳೆದಿದ್ದಿಲ್ಲ. ಹೋಗಿಬರುವವನಿಗೆ ಊರೆಂದರೆ ರಾತ್ರಿಯ ಊಟ ಮತ್ತು ಹಾಸಿಗೆ. ಊರಿನಲ್ಲಿ ಇರುವವರು ಬೇರೆ, ಆರಿಸುವ ಹಕ್ಕೂ ಅವರದೇ ಎಂದು ನನಗೆ ಅಂದು ಖಚಿತವಾಯಿತು.

ನೀರಿನ ಉತ್ತರ ಸಿಹಿಯಾಗಿರಲಿಲ್ಲ. ಆದೋನಿಯ ನೀರು ತುಂಗಭದ್ರೆಯ ಕೆಳಮಟ್ಟದ ಕಾಲುವೆಯದು. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟು ಬಳ್ಳಾರಿ ಜಿಲ್ಲೆಯನ್ನು ಹಾದು ನಮ್ಮತ್ತ ಬರುತ್ತದೆ. ನಮ್ಮ ಬಾಯಾರಿಕೆಯೂ ದಿನಾ ರಾಜ್ಯ ದಾಟುವಂಥದ್ದೇ. ಬೇಸಿಗೆಗಾಗಿ ಕೆರೆಯಲ್ಲಿ ತುಂಬಿಟ್ಟುಕೊಂಡು ಹಂಚುತ್ತಾರೆ, ನಲ್ಲಿ ದಿನಾ ಬರುವುದಿಲ್ಲ. ಸಂಪು, ಡ್ರಮ್ಮು, ಬಿಂದಿಗೆಗಳು ಮನೆಯ ಸದಸ್ಯರಂತೆ ಜಾಗ ಹಿಡಿಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಓಣಿಯ ಹೆಂಗಸರು ಗೇಟಿನ ಸುದ್ದಿಯನ್ನು ಮನೆಯವರ ಕಾಯಿಲೆಯ ಸುದ್ದಿಯಂತೆ ವಿಚಾರಿಸುತ್ತಿದ್ದರು. ಬಸ್ಸಿನಲ್ಲಿ ಹೋಗುವ ಗಂಡಸರಿಗೆ ಅದು ರಾಜಕೀಯದ ವಿಷಯವಾಗಿತ್ತು.

ಇನ್ನು ಮಗುವಿನ ಓದು. ಆದೋನಿಯಲ್ಲಿಯೂ ಹೊಳಗುಂದದ ಕಡೆಯ ಹಳ್ಳಿಗಳಲ್ಲಿಯೂ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಸೇರಿಸುವ ಮನಸ್ಸು ಮಾಡುವವರು ಮುಂದಿನ ಓದನ್ನೂ ಉದ್ಯೋಗವನ್ನೂ ನೆನೆದು ಹಿಂಜರಿಯುತ್ತಾರೆ. ಕಾರಣ ಬರಿಯ ಇಂಗ್ಲಿಷಿನ ಮೋಹವಲ್ಲ. ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯಂತೆ ಸ್ಥಳೀಯ ಅಭ್ಯರ್ಥಿ ಯಾರೆಂಬುದು ಮುಖ್ಯವಾಗಿ ಮಗು ಎಲ್ಲಿ ಓದಿತು ಎಂಬುದನ್ನು ಅವಲಂಬಿಸುತ್ತದೆ. ಗಡಿಯಾಚೆ ಬಳ್ಳಾರಿ ರಾಯಚೂರುಗಳಿಗೆ 371ಜೆ ಇದೆ. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಸಿರುಗುಪ್ಪ, ಆಲೂರುಗಳ ನಡುವೆ ಮನೆ ಆರಿಸುವಾಗ ತಂದೆತಾಯಿ ತಮಗೆ ತಿಳಿಯದೆಯೇ ಮಗುವಿನ ಇಪ್ಪತ್ತನೆಯ ವಯಸ್ಸಿನ ಅರ್ಜಿಯನ್ನು ತುಂಬುತ್ತಿರುತ್ತಾರೆ. ಉಚಿತ ಬಸ್ಸೂ ಹಾಗೆಯೇ. 2025ರ ಆಗಸ್ಟ್‌ನಿಂದ ಆಂಧ್ರದಲ್ಲಿಯೂ ಬಂದಿದೆ. ಆದರೆ ಎರಡು ಯೋಜನೆಗಳೂ ಆಯಾ ರಾಜ್ಯದ ಹೆಣ್ಣುಮಕ್ಕಳಿಗೆ, ಆಯಾ ರಾಜ್ಯದೊಳಗಿನ ಪ್ರಯಾಣಕ್ಕೆ. ಆದೋನಿಯಿಂದ ಬಳ್ಳಾರಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಟಿಕೆಟ್ ತೆಗೆದುಕೊಳ್ಳಲೇಬೇಕು.

ಆ ಹುಡುಗಿ ಆರಿಸಿದ್ದು ಆದೋನಿಯನ್ನು. ನೀರಿನ ಪ್ರಶ್ನೆಯಲ್ಲಿ ಊರು ಸೋತರೂ, ರಾತ್ರಿ ಓಡಲು ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಿವೆ, ಮೂರನೆಯ ಪ್ರಶ್ನೆಗೆ ನನ್ನ ಹೆಂಡತಿ "ನಾ ಇದೀನಲ್ಲವ್ವಾ" ಎಂದಿದ್ದಳು. ಮನೆ ನಮ್ಮ ಓಣಿಯ ತುದಿಗೇ ಸಿಕ್ಕಿತು. ಮಹಡಿಯಿಂದ ರಣಮಂಡಲದ ಗುಡ್ಡ ಕಾಣುತ್ತದೆ, ಸಂಜೆ ಗಾಳಿಯೂ ಉಂಟು. ಮಗುವನ್ನು ಹತ್ತಿರದ ಇಂಗ್ಲಿಷ್ ಶಾಲೆಗೆ ಹಾಕಿದರು. ನಾನು ಏನೂ ಅನ್ನಲಿಲ್ಲ. ಸಂಜೆ ಅದು ನಮ್ಮಲ್ಲಿಗೆ ಬಂದಾಗ ನನ್ನ ಹೆಂಡತಿ ಅದರ ತೆಲುಗು ಪುಸ್ತಕದ ಪಕ್ಕದಲ್ಲಿಯೇ ಕನ್ನಡದ ಪಾಟಿ ಇಟ್ಟಿರುತ್ತಾಳೆ. ಎರಡು ಲಿಪಿಗಳೂ ಅಕ್ಕತಂಗಿಯರಾದ್ದರಿಂದ ಮಗು ತಲೆಕಟ್ಟು ನೋಡಿ ಬೇರೆ ಮಾಡುತ್ತದೆ: "ಅಜ್ಜಿ, ತೆಲುಗಕ್ಷರದ ಮ್ಯಾಲೆ ಟೀಚರು ರೈಟು ಹಾಕ್ಯಾರ, ಕನ್ನಡಕ್ಕ ಹಾಕಿಲ್ಲ."

ಅಳಿಯ ಈಗ ನಾನು ಹಿಡಿಯುತ್ತಿದ್ದ ಹೊತ್ತಿಗೇ ಬಸ್ಸು ಹಿಡಿಯುತ್ತಾನೆ. ಕಣ್ಣ ಕೆಳಗೆ ಕಪ್ಪು ಕಾಣಿಸಿಕೊಂಡಿದೆ. ಬೇಸಿಗೆಗೆ ಬಾಡಿಗೆಯ ಕರಾರು ಮುಗಿಯುತ್ತದೆ. ಆಲೂರಿಗೆ ಹೋದರೆ ದಿನಕ್ಕೆ ಒಂದು ಗಂಟೆಯ ಮೇಲೆ ಉಳಿದೀತೆಂದು ಅವನು ಮತ್ತೆ ಲೆಕ್ಕ ತೆಗೆದಿದ್ದಾನೆ. ಅವಳು ಒಂದು ಭಾನುವಾರ ಆಲೂರಿಗೆ ಹೋಗಿ ನಾಲ್ಕು ಮನೆಗಳ ನಲ್ಲಿ, ಸಂಪು ನೋಡಿಕೊಂಡು ಬಂದಿದ್ದಾಳೆ. ಇನ್ನೂ ಏನೂ ಹೇಳಿಲ್ಲ.