ಮೆಟ್ಟುಕತ್ತಿಯ ಕಪ್ಪು

ನಮ್ಮ ಮನೆಯಲ್ಲಿ ಈಗ ಮೂರು ಕತ್ತಿಗಳಿವೆ. ಒಂದು, ಬ್ರಾಡ್‌ವೇಯ ಪಾತ್ರೆ ಅಂಗಡಿಯಿಂದ ನನ್ನ ಹೆಂಡತಿ ತಂದ ಸ್ಟೀಲಿನ ಚಾಕು. ಎರಡನೆಯದು, ದುಬಾಯಿಯಿಂದ ಬಂದ ಭಾವ ಕೊಟ್ಟ ಜರ್ಮನ್ ಚಾಕು. ಅದರ ಅಲಗಿನ ಮೇಲೆ ಲಾರಿಯ ನಂಬರಿನ ಹಾಗೆ ಅಕ್ಷರ, ಅಂಕಿ ಎಲ್ಲ ಸೇರಿಸಿ ಒಂದು ಸಾಲು ಕೆತ್ತಿದ್ದಾರೆ. ಮೂರನೆಯದು ಅಮ್ಮನ ಮೆಟ್ಟುಕತ್ತಿ. ಬರೆಯಬೇಕೆಂದು ಕೂತದ್ದು ಅದರ ವಿಷಯ. ಉಳಿದೆರಡು ಸುಮ್ಮನೆ ಜತೆಗೆ ಬಂದವು.

ಘಟ್ಟದ ಮೇಲಿನ ಮಿತ್ರರಿಗಾಗಿ ಒಂದು ಮಾತು. ನೀವು ಈಳಿಗೆಮಣೆ ಅನ್ನುತ್ತೀರಲ್ಲ, ಅದನ್ನೇ ನಮ್ಮ ಕಾಸರಗೋಡು ಕಡೆ ಮೆಟ್ಟುಕತ್ತಿ ಅನ್ನುವುದು. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು ಕೊಯ್ಯುವುದರಿಂದ ಆ ಹೆಸರು. ಕತ್ತಿ ಎದ್ದು ನಿಂತಿರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗಬೇಕು. ತುದಿಯಲ್ಲಿ ಕಾಯಿ ಹೆರೆಯುವ ಹಲ್ಲು. ಅಮ್ಮನದನ್ನು ಬದಿಯಡ್ಕದ ಹತ್ತಿರದ ಒಬ್ಬ ಆಚಾರಿ ಲಾರಿಯ ಹಳೆ ಪ್ಲೇಟಿನಿಂದ ತಟ್ಟಿ ಮಾಡಿಕೊಟ್ಟದ್ದು. ನಾನು ಹುಟ್ಟುವುದಕ್ಕೆ ಮೊದಲಿನ ಸಂಗತಿ. ನನಗೆ ಬುದ್ಧಿ ತಿಳಿದಾಗಿನಿಂದ ಅದು ಕಪ್ಪಗೇ ಇತ್ತು. ಬರೀ ಕಪ್ಪಲ್ಲ, ನೇರಳೆಹಣ್ಣು ತಿಂದ ನಾಲಗೆಯ ಹಾಗೆ ಒಂದು ನೀಲಿಗಪ್ಪು. ಬಾಯಿಯ ಅಂಚು ಮಾತ್ರ ನೂಲಿನಷ್ಟು ಬೆಳ್ಳಗೆ.

ಅಪ್ಪ ತೀರಿಕೊಂಡ ಮೇಲೆ, 2019ರ ಏಪ್ರಿಲಿನಲ್ಲಿ, ಅಮ್ಮನನ್ನು ಪಾಲಾರಿವಟ್ಟಕ್ಕೆ ಕರೆದುಕೊಂಡು ಬಂದೆ. ಒಂದು ಟ್ರಂಕು, ಒಂದು ಚೀಲ, ಬೈರಾಸಿನಲ್ಲಿ ಸುತ್ತಿದ ಮೆಟ್ಟುಕತ್ತಿ.

"ಅಲ್ಲಿ ಎಲ್ಲ ಸಿಗ್ತದೆ ಅಮ್ಮ, ಇದನ್ನು ಯಾಕೆ ಹೊರುವುದು?" ಅಂದೆ.

"ಸಿಗ್ತದೆ. ಇದು ಸಿಗ್ತದಾ?" ಅಂದಳು.

ರಾತ್ರಿ ರೈಲಿನಲ್ಲಿ ಅದನ್ನು ಸೀಟಿನ ಅಡಿಗೆ ತಳ್ಳಿ, ಯಾರಾದರೂ ಪೊಲೀಸರು ಕೇಳಿದರೆ ಏನು ಹೇಳುವುದೆಂದು ಎರ್ನಾಕುಳಂ ಬರುವವರೆಗೂ ನನಗೆ ನಿದ್ದೆಯಿಲ್ಲ. ಅಮ್ಮ ಚೆನ್ನಾಗಿ ನಿದ್ದೆ ಮಾಡಿದಳು.

ಅವಳು ಬಂದ ಮರುತಿಂಗಳೇ ನಮ್ಮ ಪಾಲಾರಿವಟ್ಟಂ ಜಂಕ್ಷನ್ನಿನ ಮೇಲ್ಸೇತುವೆ ಬಂದ್ ಆಯಿತು. 2016ರ ಅಕ್ಟೋಬರಿನಲ್ಲಿ ತೆರೆದ ಸೇತುವೆ. 2019ರ ಮೇ ತಿಂಗಳಲ್ಲಿ ಬಿರುಕು ಬಿಟ್ಟಿದೆಯೆಂದು ಮುಚ್ಚಿದರು. (ಮತ್ತೆ ಕಟ್ಟಿ 2021ರ ಮಾರ್ಚಿನಲ್ಲಿ ಬಿಟ್ಟುಕೊಟ್ಟರು, ಅದು ಬೇರೆ ಮಾತು.) ನಾನು ಪೇಪರು ಓದಿ ಹೇಳಿದಾಗ ಅಮ್ಮ ಬಾಳೆದಿಂಡು ಕೊಯ್ಯುತ್ತಿದ್ದಳು. "ಮೂರು ವರ್ಷವೂ ಆಗ್ಲಿಲ್ಲ ಅಲ್ವಾ? ಈ ಕತ್ತಿಗೆ ನಲ್ವತ್ತು ದಾಟಿತು" ಎಂದು ದಿಂಡಿನ ನೂಲನ್ನು ಬೆರಳಿಗೆ ಸುತ್ತಿದಳು.

ಆದರೆ ಆ ಹೆಮ್ಮೆ ಬಹಳ ದಿನ ನಡೆಯಲಿಲ್ಲ. ಮೊಣಕಾಲು ನೋವು ಜೋರಾಯಿತು. ನೆಲದಲ್ಲಿ ಕೂರಲೇಬಾರದೆಂದು ಡಾಕ್ಟರು ಹೇಳಿದರು. ಮೆಟ್ಟುಕತ್ತಿ ಸಿಂಕಿನ ಅಡಿಯ ಗೂಡಿಗೆ ಹೋಯಿತು. ತರಕಾರಿಯನ್ನು ನನ್ನ ಹೆಂಡತಿ ನಿಂತುಕೊಂಡು ಸ್ಟೀಲಿನ ಚಾಕುವಿನಲ್ಲಿ ಹೆಚ್ಚುತ್ತಿದ್ದಳು. ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮನೆಯಲ್ಲಿ ಯಾರೂ ಯಾರಿಗೂ ಒಂದು ಮಾತು ಹೆಚ್ಚು ಆಡಿದ್ದಿಲ್ಲ. ಆದರೂ ಕೈಯಲ್ಲಿ ಕೆಲಸವಿಲ್ಲದ ಹೆಂಗಸು ಒಂದು ಮನೆಯಲ್ಲಿ ಹೇಗೆ ದಿನದಿಂದ ದಿನಕ್ಕೆ ನೆಂಟಳಾಗುತ್ತಾಳೆ ಎಂಬುದನ್ನು ನಾನು ಆ ಮಳೆಗಾಲದಲ್ಲಿ ಕಂಡೆ.

ಕೊಚ್ಚಿಯ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕು. ಮಳೆ ನಮ್ಮ ಊರಿಗೂ ಬರುತ್ತದೆ, ಇಲ್ಲಿಗಿಂತ ಜೋರಾಗಿಯೇ ಬರುತ್ತದೆ. ಆದರೆ ಊರಿನ ಮನೆಯಲ್ಲಿ ಒಲೆಯ ಹೊಗೆ ಇತ್ತು. ಒಲೆಯ ಬದಿಯಲ್ಲಿಟ್ಟ ಸಾಮಾನು ಬೆಚ್ಚಗೆ ಒಣಗಿರುತ್ತಿತ್ತು. ಇಲ್ಲಿ ಗ್ಯಾಸು, ಸಿಂಕು, ಸಿಂಕಿನ ಅಡಿಯ ಒದ್ದೆ ಗೂಡು. ಮೇಲಾಗಿ ಸಮುದ್ರದ ಗಾಳಿ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯೊಳಗಿನ ಆಮ್ಲಜನಕವೂ ಬೇಕು. ಉಪ್ಪಿನ ಅಂಶ ಸೇರಿದರೆ ಆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿದು ಕೆಲಸ ಬೇಗ ಆಗುತ್ತದೆ. ಈ ಮೂರನ್ನೂ ನಾನೇ ಒಂದು ಗೂಡಿನಲ್ಲಿ ಜೋಡಿಸಿ ಇಟ್ಟಂತಾಗಿತ್ತು. ಜುಲೈಯಲ್ಲಿ ಒಂದು ದಿನ ತೆಗೆದು ನೋಡಿದರೆ ಕಪ್ಪಿನ ಮೇಲೆ ಅಲ್ಲಲ್ಲಿ ಕೆಂಪು ಹುಡಿ.

ಅಮ್ಮನಿಗೆ ತಿಳಿಯುವ ಮೊದಲೇ ಸರಿಮಾಡಬೇಕು ಅಂದುಕೊಂಡೆ. ಪಕ್ಕದ ಮನೆಯ ಚೇಚಿಯನ್ನು ಕೇಳಿದೆ. ಅವರ ಹಿತ್ತಲಲ್ಲಿ ಬೀಂಬುಳಿಯ ಮರವಿದೆ. ಮಲಯಾಳದಲ್ಲಿ ಅದಕ್ಕೆ ಇರುಂಬನ್ ಪುಳಿ ಅಂತ ಹೆಸರು. ಇರುಂಬು ಎಂದರೆ ಕಬ್ಬಿಣ. ಅದರ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಅದು ತುಕ್ಕನ್ನು ಹಿಡಿದು ನೀರಿನಲ್ಲಿ ಕರಗುವ ಹಾಗೆ ಮಾಡುತ್ತದೆ. ಬಟ್ಟೆಗೆ ತಾಗಿದ ತುಕ್ಕಿನ ಕಲೆಗೂ ಇಲ್ಲಿಯವರು ಅದನ್ನೇ ತಿಕ್ಕುವುದು. ಒಂದು ಮುಷ್ಟಿ ಕಾಯಿ ಕೊಟ್ಟರು. ನಾನು ಜಜ್ಜಿ ಅಲಗಿಗೆ ಹಚ್ಚಿ ಒಂದು ಗಂಟೆ ಬಿಟ್ಟೆ. ಮೇಲೆ ಮರಳುಕಾಗದ ಹಿಡಿದು ತಿಕ್ಕಿದೆ. ಕೆಂಪು ಹೋಯಿತು. ಕಪ್ಪೂ ಹೋಯಿತು. ಅಲಗು ಹೊಸ ರೂಪಾಯಿಯ ಹಾಗೆ ಮಿಂಚಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ತೊಳೆದು ಬಾಲ್ಕನಿಯ ಗೋಡೆಗೆ ಒರಗಿಸಿಟ್ಟು ಆಫೀಸಿಗೆ ಹೋದೆ.

ಸಂಜೆ ಬರುವಾಗ ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲಗು ತುಂಬಾ ಕಿತ್ತಳೆ ಬಣ್ಣದ ತುಕ್ಕು, ಕುಂಕುಮ ಚೆಲ್ಲಿದ ಹಾಗೆ.

"ಇದರ ಮೈ ಎಲ್ಲಿ ಹೋಯ್ತು?" ಅಂತ ಕೇಳಿದಳು.

"ತುಕ್ಕು ಹಿಡಿದಿತ್ತು ಅಮ್ಮ. ತಿಕ್ಕಿ ತೆಗೆದೆ."

"ತುಕ್ಕು ಕೆಂಪು ಅಲ್ವಾ. ಕಪ್ಪನ್ನು ಯಾಕೆ ತೆಗೆದೆ?"

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಾತ್ರಿ ಊಟಕ್ಕೆ ಎದ್ದು ಬರಲಿಲ್ಲ, ಹಸಿವಿಲ್ಲ ಅಂದಳು.

ಕಪ್ಪನ್ನು ಯಾಕೆ ತೆಗೆಯಬಾರದು ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಮ್ಮನಿಗೆ ಓದದೆ ಗೊತ್ತಿತ್ತು. ಬಾಳೆಕಾಯಿ, ಗುಜ್ಜೆ, ನೆಲ್ಲಿಕಾಯಿ ಇವುಗಳಲ್ಲಿ ಒಂದು ಒಗರು ಇದೆಯಲ್ಲ, ಅದು ಟ್ಯಾನಿನ್. ಅದು ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಬಣ್ಣದ ಒಂದು ವಸ್ತು ಹುಟ್ಟುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಅಂದರೆ ಅಮ್ಮನ ಕತ್ತಿಯ ಮೈಮೇಲೆ ಇದ್ದದ್ದರಲ್ಲಿ ಒಂದಷ್ಟು ಒಣಗಿದ ಶಾಯಿ, ಒಂದಷ್ಟು ತೆಂಗಿನೆಣ್ಣೆ. ಕೆಂಪು ತುಕ್ಕಿನ ಸ್ವಭಾವ ಬೇರೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬುತ್ತದೆ, ಹುಡಿಯಾಗಿ ಉದುರುತ್ತದೆ. ಉದುರಿದಲ್ಲಿ ಹೊಸ ಕಬ್ಬಿಣ ಮೈಬಿಟ್ಟು ಕೂರುತ್ತದೆ. ಕಪ್ಪು ಹಾಗಲ್ಲ, ಅಂಟಿಕೊಂಡು ಇರುತ್ತದೆ, ಸ್ವಲ್ಪ ಮಟ್ಟಿಗೆ ಕಾಯುತ್ತದೆ. ನಾನು ಹುಳಿ ಹಾಕಿ ಕಾವಲುಗಾರನನ್ನು ಓಡಿಸಿ, ಬಾಗಿಲು ತೆರೆದಿಟ್ಟು ಆಫೀಸಿಗೆ ಹೋಗಿದ್ದೆ.

ಕನ್ನಡದಲ್ಲಿ ಬಾಳೆಕಾಯಿಯ ಕಲೆಗೆ ನಾವು ಕರೆ ಅನ್ನುತ್ತೇವೆ. ಮಲಯಾಳದಲ್ಲೂ ಅದು ಕರ. ಅಮ್ಮನ ಕಾಸರಗೋಡು ಮಲಯಾಳ ಈ ಊರಿನವರಿಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ; ಆದರೆ ಚೇಚಿ ಬಂದು ಕತ್ತಿ ನೋಡಿ "ಕರ ಪೋಯಿ" ಅಂದಾಗ ಇಬ್ಬರಿಗೂ ಒಟ್ಟಿಗೆ ದುಃಖವಾಯಿತು.

ಇನ್ನು ಆ ಸ್ಟೀಲಿನ ಚಾಕು. ಅದು ಯಾಕೆ ತುಕ್ಕು ಹಿಡಿಯುವುದಿಲ್ಲ? ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಕೋವಿಯ ನಳಿಗೆ ಬೇಗ ಸವೆಯದ ಉಕ್ಕನ್ನು ಹುಡುಕುತ್ತಿದ್ದ. ನೂರಕ್ಕೆ 12.8 ಪಾಲು ಕ್ರೋಮಿಯಂ ಸೇರಿಸಿದ ಒಂದು ಎರಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಆಮ್ಲ ಹಾಕಿದರೆ ಆಮ್ಲ ಹತ್ತಲೇ ಇಲ್ಲ. ಅದಕ್ಕೂ ಮೊದಲು ದೊರೆಗಳ ಮನೆಯಲ್ಲಿಯೂ ಹಣ್ಣು ಕೊಯ್ಯುವ ಚಾಕು ಬೆಳ್ಳಿಯದಾಗಬೇಕಿತ್ತು. ಉಕ್ಕಿನದಾದರೆ ಕರೆ ಹಿಡಿದು ಹಣ್ಣಿನ ರುಚಿ ಕೆಡುತ್ತಿತ್ತು. ಆದರೂ ಶೆಫೀಲ್ಡಿನ ಚಾಕು ಮಾಡುವವರು ಮೊದಮೊದಲು ಬ್ರಿಯರ್ಲಿಯನ್ನು ನೋಡಿ ನಕ್ಕರು, ಕೊಯ್ಯದ ಚಾಕು ಕಂಡುಹಿಡಿದವನು ಅಂತ. ವಿನೆಗರ್ ಹಾಕಿ ಪರೀಕ್ಷೆ ಮಾಡಿ 'ಸ್ಟೇನ್‌ಲೆಸ್' ಎಂಬ ಹೆಸರು ಕೊಟ್ಟವನು ಅರ್ನೆಸ್ಟ್ ಸ್ಟುವರ್ಟ್, ಒಂದು ಚಾಕು ಕಾರ್ಖಾನೆಯವನು.

ಈ ಕ್ರೋಮಿಯಂ ಮಾಡುವ ಕೆಲಸ ಅಮ್ಮನ ಕಪ್ಪು ಮಾಡುವ ಕೆಲಸವೇ. ಅಲಗಿನ ಮೇಲೆ ಅದರ ಆಕ್ಸೈಡು ಒಂದು ಪೊರೆಯಾಗಿ ಕೂರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ದಪ್ಪ. ಗೀರಿದರೆ ಗಾಳಿ ತಾಗಿದ ಕೂಡಲೇ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಒಂದು ತೊಡಕಿದೆ. ಕತ್ತಿಗೆ ಹರಿತ ನಿಲ್ಲಬೇಕಾದರೆ ಇಂಗಾಲ ಬೇಕು. ಇಂಗಾಲ ಹೆಚ್ಚಾದರೆ ಅದು ಕ್ರೋಮಿಯಂನ್ನು ಕೈಹಿಡಿದು ಕರೆದುಕೊಂಡು ಹೋಗಿ ಬೇರೆ ಸಂಸಾರ ಹೂಡುತ್ತದೆ. ಪೊರೆ ಕಟ್ಟಲು ಉಳಿಯುವುದು ಕಡಿಮೆ. ಡಿ2 ಎಂಬ ಉಕ್ಕಿನಲ್ಲಿ ಕ್ರೋಮಿಯಂ 12ರ ಹತ್ತಿರ ಇದೆ, ಇಂಗಾಲ ಒಂದೂವರೆ. ಲೆಕ್ಕದಲ್ಲಿ ಸ್ಟೇನ್‌ಲೆಸ್ ಆಗಬೇಕಿತ್ತು, ಆದರೆ ತುಕ್ಕು ಹಿಡಿಯುತ್ತದೆ. ಊಟದ ಚಮಚದ ಉಕ್ಕಿನಲ್ಲಿ ಕ್ರೋಮಿಯಂ 18, ನಿಕ್ಕೆಲ್ 8. ತುಕ್ಕಿನ ಚಿಂತೆ ಕಡಿಮೆ, ಆದರೆ ಅದನ್ನು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಆದ್ದರಿಂದ ಅದು ಚಮಚವಾಗಿಯೇ ಇರಬೇಕು. ಭಾವನ ಜರ್ಮನ್ ಚಾಕುವಿನ ನಂಬರನ್ನು ಬಿಡಿಸಿ ನೋಡಿದೆ: ಇಂಗಾಲ ಅರ್ಧ, ಕ್ರೋಮಿಯಂ ಸುಮಾರು 15, ಚೂರು ಮಾಲಿಬ್ಡಿನಂ ಮತ್ತು ವನೇಡಿಯಂ. ನಡುದಾರಿಯ ಮನುಷ್ಯ.

ಅದೂ ಸೋತದ್ದನ್ನು ಕಂಡೆ. ಮಿಡಿ ಉಪ್ಪಿನಕಾಯಿಯ ಭರಣಿ ತೊಳೆದ ನೀರಿನಲ್ಲಿ ಒಂದು ರಾತ್ರಿ ಮರೆತುಬಿಟ್ಟಿದ್ದೆವು. ಬೆಳಿಗ್ಗೆ ಅಲಗಿನ ಮೇಲೆ ಸಾಸಿವೆಯಷ್ಟು ಸಣ್ಣ ನಾಲ್ಕು ಕಂದು ಚುಕ್ಕೆ. ಉಪ್ಪಿನೊಳಗಿನ ಕ್ಲೋರೈಡು ಆ ಪೊರೆಯನ್ನು ಚುಚ್ಚುತ್ತದೆ. ಚುಚ್ಚಿದಲ್ಲಿ ಗುಂಡಿ ತೋಡುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು ಆ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು ಅಂದರೆ ತಪ್ಪಲ್ಲ.

ಅಂದಹಾಗೆ, ಈ ಕ್ರೋಮಿಯಂನ ಅದಿರು ನಮ್ಮ ಹಾಸನ ಜಿಲ್ಲೆಯ ಭೈರಾಪುರದಲ್ಲೂ ಸಿಕ್ಕಿದೆ. ಯುರೋಪಿನವರು ಕೊಂಡಾಡಿದ ವೂಟ್ಜ್ ಎಂಬ ಹೆಸರು ನಮ್ಮ 'ಉಕ್ಕು'ವಿನಿಂದಲೇ ಹೋದದ್ದೆಂದು ಬಲ್ಲವರು ಹೇಳುತ್ತಾರೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು ಒಂದೂವರೆ ಪಾಲು. ಹರಿತಕ್ಕೆ ಹೆಸರಾದದ್ದು, ತುಕ್ಕಿಗೆ ಅಲ್ಲ. ಆ ಕತ್ತಿಗಳನ್ನೂ ಎಣ್ಣೆ ಹಚ್ಚಿಯೇ ಉಳಿಸಿಕೊಂಡದ್ದು.

ಕಪ್ಪು ತಿರುಗಿ ಬಂದದ್ದು ನನ್ನ ಹೆಂಡತಿಯ ದೆಸೆಯಿಂದ. ಇಲ್ಲಿಯವರ ಮನೆಯಲ್ಲಿ ಕಾಯಿ ಹೆರೆಯಲು ಚಿರವ ಎಂಬ ಒಂದು ಮಣೆ ಇರುತ್ತದೆ, ಅದರ ಮೇಲೆಯೇ ಕೂತು ಹೆರೆಯುವುದು. ಅದನ್ನು ನೋಡಿ ಅವಳು ಆಶಾರಿಯ ಹತ್ತಿರ ಮೊಣಕಾಲೆತ್ತರದ ಒಂದು ಉದ್ದ ಬೆಂಚು ಮಾಡಿಸಿದಳು. ಒಂದು ತುದಿಗೆ ಮೆಟ್ಟುಕತ್ತಿಯನ್ನು ಬೋಲ್ಟು ಹಾಕಿ ಬಿಗಿಸಿದಳು. ಅಮ್ಮ ಬೆಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಾಕು, ಮೆಟ್ಟುವುದು ಬೇಡ.

"ಹಾಗಾದ್ರೆ ಇದು ಮೆಟ್ಟುಕತ್ತಿ ಅಲ್ಲ, ಕೂರುಕತ್ತಿ" ಅಂದಳು ಅಮ್ಮ.

"ಅತ್ತೆ, ಎಂತ ಕತ್ತಿಯಾದರೂ ಆಗಲಿ, ನಾಳೆ ಬಾಳೆಕಾಯಿ ನಿಮ್ಮದೇ" ಅಂದಳು ಇವಳು.

ಅಮ್ಮ ಒಂದು ಕೆಲಸ ಮಾಡಿದಳು. ಕೊಯ್ದ ಬಾಳೆಕಾಯಿಯ ಸಿಪ್ಪೆಯನ್ನು ಬಿಸಾಡದೆ ಅಲಗಿನ ಎರಡೂ ಬದಿಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು, ಒರೆಸಿ, ಎಣ್ಣೆ ಬಟ್ಟೆ ಮುಟ್ಟಿಸುವುದು. ದಿನಾ. ಮೊದಲ ವಾರ ಬೂದಿ ಬಣ್ಣ, ಆಮೇಲೆ ನೀಲಿ, ಓಣಂ ಕಳೆದು ನವರಾತ್ರಿ ಬರುವಷ್ಟರಲ್ಲಿ ಹಳೆಯ ಕಪ್ಪು. ನನ್ನ ಮರಳುಕಾಗದದ ಗೀರು, ತುಕ್ಕು ತಿಂದ ಗುಂಡಿಗಳು ಮಾತ್ರ ಹೋಗಲಿಲ್ಲ. ಎಡಬದಿಯಲ್ಲಿ ಏಳೆಂಟು ಇವೆ.

ಅಮ್ಮ 2023ರ ಕೊನೆಗೆ ತೀರಿಕೊಂಡಳು. ಈಗ ಆ ಬೆಂಚಿನ ಮೇಲೆ ಕೂರುವುದು ನಾನು. ಜೂನ್ ಹಿಡಿಯಿತೆಂದರೆ ಗುಂಡಿಗಳ ತಳದಲ್ಲಿ ಮೊದಲು ಕೆಂಪು ಕಾಣುತ್ತದೆ. ಬಟ್ಟೆ ಅಲ್ಲಿಗೆ ತಾಗುವುದಿಲ್ಲ. ಕೋಳಿಗರಿಯ ತುದಿಯಲ್ಲಿ ಎಣ್ಣೆ ಅದ್ದಿ ಒಂದೊಂದಕ್ಕೂ ಮುಟ್ಟಿಸಬೇಕು. ಇವತ್ತು ಚೇಚಿ ಒಂದು ಗುಜ್ಜೆ ಕೊಟ್ಟುಹೋಗಿದ್ದಾರೆ. ಅದರ ಮಯಣ ಕೈಗೆ ಹಿಡಿಯುವ ಮೊದಲು ಇದನ್ನು ಬರೆದು ಮುಗಿಸಿದೆ.