ಅಪ್ಪಯ್ಯನನ್ನು ‘ಹೀ’ ಎನ್ನುವುದು ಹೇಗೆ?

ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಪುರುಷವಾಚಕ ಸರ್ವನಾಮಗಳ ಪಾಠ ಎರಡು ಪುಟ ದಾಟುವುದಿಲ್ಲ. ಐ, ಯೂ, ಹೀ, ಶೀ, ಇಟ್, ವೀ, ದೇ. ಇಷ್ಟೇ. ಆದರೂ ನಮ್ಮ ಕಡೆಯಿಂದ ಬಂದವರು ಬಹಳ ದಿನ ಎಡವುವುದು ಇಲ್ಲಿಯೇ.

ಕಾರಣ ಸರಳ. ಬೆಳಿಗ್ಗೆ ಡೊಂಬಿವಲಿಯಲ್ಲಿ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯ ಆಫೀಸು ಸೇರುವಷ್ಟರಲ್ಲಿ ನಾನು ನಾಲ್ಕು ಭಾಷೆ ದಾಟಿರುತ್ತೇನೆ. ಮನೆಯಲ್ಲಿ ‘ನೀನು’, ರಿಕ್ಷಾದ ಕಾಕಾಗೆ ಮರಾಠಿಯ ‘ತುಮ್ಹಿ’, ಲೋಕಲ್‌ನಲ್ಲಿ ಪಕ್ಕದವರಿಗೆ ಹಿಂದಿಯ ‘ಆಪ್’, ಆಫೀಸಿನಲ್ಲಿ ಜವಾನನಿಂದ ಡೈರೆಕ್ಟರ್‌ವರೆಗೆ ಎಲ್ಲರಿಗೂ ‘ಯೂ’. ಮೊದಲ ಮೂರು ಭಾಷೆಗಳು ಎದುರಿನವರ ವಯಸ್ಸು, ಸಲುಗೆ ಎರಡನ್ನೂ ವಿಚಾರಿಸುತ್ತವೆ. ಇಂಗ್ಲಿಷ್ ವಿಚಾರಿಸುವುದಿಲ್ಲ.

ಹಿಂದೆ ಅದೂ ವಿಚಾರಿಸುತ್ತಿತ್ತು. ಒಬ್ಬನಿಗೆ, ಸಲುಗೆಯವರಿಗೆ ‘ದೌ’. ಹಲವರಿಗೆ, ದೊಡ್ಡವರಿಗೆ ‘ಯೂ’. 17ನೇ ಶತಮಾನದ ಹೊತ್ತಿಗೆ ‘ದೌ’ ದಿನದ ಮಾತಿನಿಂದ ಹಿಂದೆ ಸರಿಯತೊಡಗಿತು. ಉಳಿದದ್ದು ‘ನೀವು’. ಹಾಗಾಗಿ ಮ್ಯಾನೇಜರರಿಗೆ ‘ಯೂ’ ಎನ್ನಲು ಅಳುಕುವವರಿಗೆ ನಾನು ಹೇಳುವುದು ಇಷ್ಟು: ಇಂಗ್ಲಿಷಿನವರು ಎಲ್ಲರನ್ನೂ ಏಕವಚನಕ್ಕೆ ಇಳಿಸಿಲ್ಲ, ಎಲ್ಲರನ್ನೂ ಬಹುವಚನಕ್ಕೆ ಏರಿಸಿದ್ದಾರೆ.

‘ಐ’ ಮತ್ತು ‘ಮೀ’ ಗೊಂದಲಕ್ಕೂ ಸುಲಭದ ದಾರಿಯಿದೆ. ‘ರಮೇಶ್ ಅಂಡ್ ಮೀ ವಿಲ್ ಕಮ್’ ಎನ್ನುವವರು ರಮೇಶನನ್ನು ಒಂದು ಕ್ಷಣ ಹೊರಗೆ ನಿಲ್ಲಿಸಿ ನೋಡಲಿ. ‘ಮೀ ವಿಲ್ ಕಮ್’ ಎಂದು ಯಾರೂ ಅನ್ನುವುದಿಲ್ಲ, ಆದ್ದರಿಂದ ಅಲ್ಲಿ ‘ಐ’. ಅತಿ ಜಾಗ್ರತೆಯಿಂದ ‘ಬಿಟ್ವೀನ್ ಯೂ ಅಂಡ್ ಐ’ ಎನ್ನುವುದೂ ತಪ್ಪೇ. ಅಲ್ಲಿ ‘ಮೀ’ ಬರಬೇಕು. ಇನ್ನು ‘ನನಗೆ ಗೊತ್ತು’, ‘ನನಗೆ ಹಸಿವು’, ‘ನನಗೆ ಬೇಕು’ ಎಂಬಲ್ಲಿನ ‘ನನಗೆ’ ಇಂಗ್ಲಿಷಿಗೆ ಹೋದಾಗ ‘ಐ’ ಆಗುತ್ತದೆ. ಕನ್ನಡದ ವಿಭಕ್ತಿ ಹಿಡಿದು ಹೋದರೆ ದಾರಿ ತಪ್ಪುತ್ತದೆ.

ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಅಭ್ಯಾಸಕ್ಕೂ ಜಗ್ಗದ್ದು ‘ಹೀ’.

ಭಾನುವಾರ ಸಂಜೆ ನಮ್ಮ ಮನೆಗೆ ನಾಲ್ಕೈದು ಹುಡುಗರು ಇಂಗ್ಲಿಷ್ ಕಲಿಯಲು ಬರುತ್ತಾರೆ. ಅವರಲ್ಲೊಬ್ಬ ಬೈಂದೂರು ಕಡೆಯವನು, ಕಲ್ಯಾಣದ ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾನೆ. ಕಳೆದ ವರ್ಷ ಅವನ ತಂದೆ ತೀರಿಕೊಂಡರು. ಖಾತೆಯಲ್ಲಿದ್ದ ಹಣ ತಾಯಿಯ ಹೆಸರಿಗೆ ಆಗಬೇಕು ಎಂದು ಬ್ಯಾಂಕಿಗೆ ಅರ್ಜಿ ಬರೆದು ತಂದು ತೋರಿಸಿದ. ಅದರಲ್ಲಿ ತಂದೆಯ ಮಾತು ಬಂದಲ್ಲೆಲ್ಲ ‘ದೇ’ ಎಂದಿತ್ತು.

‘ಹೀ’ ಎಂದು ತಿದ್ದಲು ಹೇಳಿದೆ. ಅವನು ಪೆನ್ನು ಹಿಡಿದೇ ಕುಳಿತ.

“ಅಪ್ಪಯ್ಯನ್ನ ‘ಅವ’ ಅಂದ್ಹಾಂಗ್ ಆತಿಲ್ಯಾ ಅಣ್ಣಾ?”

ಇಂಗ್ಲಿಷಿನ ‘ಹೀ’ ಎಂದರೆ ‘ಅವನು’ ಅಲ್ಲ, ‘ಅವರು’ ಕೂಡ ಅಲ್ಲ. ಒಬ್ಬರು, ಗಂಡಸು, ಅಷ್ಟನ್ನೇ ಅದು ಹೇಳುತ್ತದೆ ಎಂದೆ. ಗಾಂಧೀಜಿಯ ಬಗ್ಗೆ ಬರೆದರೂ ‘ಹೀ’ ಎಂದೇ ಬರೆಯುವುದು ಎಂದೆ. ‘ದೇ’ ಎಂದಿದ್ದರೆ ಓದುವ ಗುಮಾಸ್ತರಿಗೆ ತೀರಿಕೊಂಡವರು ಎಷ್ಟು ಜನ ಎಂಬ ಅನುಮಾನ ಬಂದು ಅರ್ಜಿ ವಾಪಸಾಗಬಹುದು, ಅಲ್ಲಿ ಊರಿನಲ್ಲಿ ತಾಯಿ ಕಾಯಬೇಕಾಗುತ್ತದೆ ಎಂದೂ ಹೇಳಿದೆ. ಎಲ್ಲ ಕೇಳಿಸಿಕೊಂಡ. ಮುಂದಿನ ವಾರ ಹೊಸ ಅರ್ಜಿ ತಂದ. ‘ದೇ’ ಇರಲಿಲ್ಲ, ‘ಹೀ’ ಕೂಡ ಇರಲಿಲ್ಲ. ಒಂಬತ್ತು ಸಾಲಿನಲ್ಲಿ ಆರು ಸಲ ‘ಮೈ ಫಾದರ್’ ಇತ್ತು. ವ್ಯಾಕರಣದ ತಪ್ಪು ಒಂದೂ ಇಲ್ಲ. ನಾನು ಪೆನ್ನು ಮುಟ್ಟಲಿಲ್ಲ.

ತಮಾಷೆಯೆಂದರೆ, ಅವನು ಬಯಸಿದ ‘ದೇ’ ಬೇರೊಂದು ಬಾಗಿಲಿನಿಂದ ನಮ್ಮ ಆಫೀಸುಗಳಿಗೆ ಬಂದಿದೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರನ್ನು ‘ದೇ’ ಎನ್ನುವುದು ಇಂಗ್ಲಿಷಿನಲ್ಲಿ ಶತಮಾನಗಳಿಂದ ಇದೆ. ಈಗ ತಮ್ಮನ್ನು ‘ಹೀ’, ‘ಶೀ’ ಎರಡರಲ್ಲೂ ಗುರುತಿಸಿಕೊಳ್ಳದವರು ಅದನ್ನು ತಮಗಾಗಿ ಆರಿಸಿಕೊಳ್ಳುತ್ತಾರೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದವಾಗಿ ಆರಿಸಿದ್ದು ‘ದೇ’ಯನ್ನೇ. ಕೆಲವರು ಮೇಲ್‌ನಲ್ಲಿ ಹೆಸರಿನ ಕೆಳಗೆ ತಮ್ಮ ಸರ್ವನಾಮವನ್ನೂ ಬರೆಯುತ್ತಾರೆ.

ಒಬ್ಬರೇ ಇದ್ದರೂ ‘ದೇ ಆರ್’ ಎನ್ನುವುದು ಹೇಗೆ ಎಂದು ಆಫೀಸಿನಲ್ಲಿ ತಲೆ ಕೆರೆದುಕೊಳ್ಳುವವರಿದ್ದಾರೆ. ಮರಾಠಿಯಲ್ಲಿ ಗೌರವಕ್ಕೂ ಗಂಡಸಿಗೆ ‘ತೇ’, ಹೆಂಗಸಿಗೆ ‘ತ್ಯಾ’ ಎಂದು ಬೇರೆ ಮಾಡಲೇಬೇಕು. ನಮಗೆ ಆ ತೊಂದರೆಯಿಲ್ಲ. ‘ಡಾಕ್ಟರು ಬಂದರು, ಅವರು ಒಳಗಿದ್ದಾರೆ’ ಎಂದರೆ ಕನ್ನಡದಲ್ಲಿ ಒಬ್ಬರೇ. ಗಂಡೋ ಹೆಣ್ಣೋ ಹೇಳಿಲ್ಲ, ಕ್ರಿಯಾಪದ ಬಹುವಚನ. ಇದನ್ನು ನಾವು ಮಾತು ಕಲಿತಾಗಿನಿಂದ ಆಡುತ್ತಿದ್ದೇವೆ.

ಒಂದೇ ಎಚ್ಚರ. ಈ ‘ದೇ’ ಗೌರವ ಸೂಚಿಸುವುದಿಲ್ಲ, ಆದ್ದರಿಂದ ಅಪ್ಪಯ್ಯನಿಗೆ ಅದು ಸಲ್ಲದು. ಆದರೆ ಸಹೋದ್ಯೋಗಿಯೊಬ್ಬರು ಹೆಸರಿನ ಕೆಳಗೆ ‘ದೇ’ ಎಂದು ಬರೆದುಕೊಂಡಿದ್ದರೆ ವಾದಕ್ಕಿಳಿಯದೆ ಹಾಗೆಯೇ ಬರೆಯಿರಿ. ಹೊಸ ನೆಂಟರನ್ನು ಏನೆಂದು ಕರೆಯಬೇಕೆಂದು ಕೇಳಿ ತಿಳಿದುಕೊಂಡೇ ಮಾತಿಗೆ ಕೂರುವವರು ನಾವು.